ಚಾಗೋಸ್ ಯಾರದ್ದು ಅಂತ ಲಂಡನ್ನು, ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಸ್ಸು ಮಾತಾಡಿದ್ವು, ಅಲ್ಲಿಂದ ಹೊರಹಾಕಿದ ಜನರನ್ನ ಕೇಳಿದ್ಯಾರು?

ಕಡಲಹಾದಿ:
ಚಾಗೋಸ್ ಬಗ್ಗೆ ಕನ್ನಡದಲ್ಲಿ ಬರ್ತಿರೋ ಸುದ್ದಿ, ವಿಡಿಯೋ ಎಲ್ಲಾ ನೋಡ್ತಾ ಇದೀನಿ. ಎಲ್ಲಾ ಕಡೆ ಅದೇ ಎರಡು ಪ್ರಶ್ನೆ, ಅಮೆರಿಕದ ಬೇಸ್ ಉಳಿಯುತ್ತಾ, ಚೀನಾ ಒಳಗೆ ಬರುತ್ತಾ. ಅಲ್ಲಿ ಮುಂಚೆ ಜನ ಇದ್ರು ಅನ್ನೋದು ಒಂದು ಸಾಲಲ್ಲಿ ಬಂದು ಹೋಗುತ್ತೆ. ನನಗೆ ಸಿಟ್ಟು ಬರೋದು ಅಲ್ಲೇ, ಅದಕ್ಕೆ ಈ ಥ್ರೆಡ್ ಶುರು ಮಾಡಿದ್ದು.

ಗೊತ್ತಿಲ್ಲದವರಿಗೆ ಮೊದಲು ಹೇಳ್ಬಿಡ್ತೀನಿ. ಮಾಲ್ಡೀವ್ಸ್‌ನಿಂದ ದಕ್ಷಿಣಕ್ಕೆ ಸುಮಾರು 500 ಕಿ.ಮೀ. ಹೋದ್ರೆ ಚಾಗೋಸ್ ದ್ವೀಪಸಮೂಹ ಸಿಗುತ್ತೆ. 60ರ ಹತ್ತಿರ ಚಿಕ್ಕಪುಟ್ಟ ದ್ವೀಪಗಳು, ಎಲ್ಲಾ ಸೇರಿಸಿದ್ರೂ ನೆಲ ಸುಮಾರು 60 ಚದರ ಕಿ.ಮೀ. ಅಷ್ಟೇ, ಅದರಲ್ಲಿ ದೊಡ್ಡದು ಡಿಯೆಗೋ ಗಾರ್ಸಿಯಾ, ಅಮೆರಿಕದ ಸೇನಾ ಬೇಸ್ ಇರೋದು ಅಲ್ಲೇ. 18ನೇ ಶತಮಾನದಲ್ಲಿ ಫ್ರೆಂಚರು ತೆಂಗಿನ ತೋಟ ಮಾಡಕ್ಕೆ ಅಂತ ಮೊಜಾಂಬಿಕ್, ಮಡಗಾಸ್ಕರ್ ಕಡೆಯಿಂದ ಗುಲಾಮರನ್ನ ತಂದು ಇಳಿಸಿದ್ರು, ಆಮೇಲೆ ಸ್ವಲ್ಪ ಮಂದಿ ಭಾರತದಿಂದಲೂ ಹೋದ್ರು. 1814ರ ಪ್ಯಾರಿಸ್ ಒಪ್ಪಂದದಲ್ಲಿ ಮಾರಿಷಸ್ ಜೊತೆಗೆ ಇದೂ ಬ್ರಿಟಿಷರ ಕೈಗೆ ಬಂತು. ಗುಲಾಮಗಿರಿ ಹೋದ್ಮೇಲೂ ಆ ಜನ ಅಲ್ಲೇ ಉಳ್ಕೊಂಡ್ರು, ತೆಂಗು, ಕೊಬ್ಬರಿ, ಮೀನು, ಅವರದ್ದೇ ಕ್ರಿಯೋಲ್ ಭಾಷೆ, ಚರ್ಚು, ಸ್ಮಶಾನ, ಐದಾರು ತಲೆಮಾರು.

1965 ನವೆಂಬರ್ 8ಕ್ಕೆ ಬ್ರಿಟನ್ ಚಾಗೋಸನ್ನ ಮಾರಿಷಸ್‌ನಿಂದ ಕಿತ್ತು ‘ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶ’ ಅಂತ ಹೊಸ ವಸಾಹತು ಮಾಡ್ತು. ಜಗತ್ತಲ್ಲಿ ವಸಾಹತುಗಳೆಲ್ಲಾ ಸ್ವತಂತ್ರ ಆಗ್ತಿರೋ ಕಾಲದಲ್ಲಿ ಇವರು ಹೊಸದೊಂದು ಹುಟ್ಟಿಸಿದ್ರು. ಮರುವರ್ಷ ಡಿಸೆಂಬರ್‌ನಲ್ಲಿ ಸೇನಾ ಬೇಸ್ ಕಟ್ಟಕ್ಕೆ ಅಂತ ಅಮೆರಿಕಕ್ಕೆ 50 ವರ್ಷಕ್ಕೆ ಕೊಡೋ ಒಪ್ಪಂದ. 1968ರಿಂದ 1973ರ ಒಳಗೆ ಅಲ್ಲಿದ್ದ ಸುಮಾರು 1,500ರಿಂದ 2,000 ಜನರನ್ನ ಪೂರ್ತಿ ಖಾಲಿ ಮಾಡಿಸಿದ್ರು. ಖಾಲಿ ಮಾಡಿಸಿದ ರೀತಿ ಓದಿದ್ರೆ ನಿದ್ದೆ ಬರಲ್ಲ. ಔಷಧಿಗೆ, ನೆಂಟರ ಮನೆಗೆ ಅಂತ ಮಾರಿಷಸ್‌ಗೆ ಹೋದವರಿಗೆ ವಾಪಸ್ ಹಡಗು ಇಲ್ಲ ಅಂದ್ರು. ಉಳಿದವರಿಗೆ ಸಾಮಾನು ಬರೋದು ಕಮ್ಮಿ ಮಾಡಿದ್ರು. ಡಿಯೆಗೋ ಗಾರ್ಸಿಯಾದಲ್ಲಿ ಜನ ಸಾಕಿದ್ದ ನಾಯಿಗಳನ್ನ ಕೊಬ್ಬರಿ ಒಣಗಿಸೋ ಶೆಡ್ಡಲ್ಲಿ ಕೂಡಿಹಾಕಿ ಗಾಡಿಗಳ ಹೊಗೆ ಬಿಟ್ಟು ಕೊಂದ್ರು. ಕೊನೆಗೆ ಜನರನ್ನೇ ನಾರ್ಡ್‌ವೇರ್ ಅನ್ನೋ ಹಡಗಿಗೆ ತುಂಬಿ ಮಾರಿಷಸ್, ಸೇಶೆಲ್ಸ್ ಬಂದರಲ್ಲಿ ಇಳಿಸಿ ಹೋದ್ರು.

2025 ಮೇ 22ಕ್ಕೆ ಬ್ರಿಟನ್ನು ಮಾರಿಷಸ್ಸು ಸಹಿ ಹಾಕಿರೋ ಒಪ್ಪಂದದಲ್ಲಿ ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯೆಗೋ ಗಾರ್ಸಿಯಾ ಮಾತ್ರ 99 ವರ್ಷ ಬಾಡಿಗೆ ಮೇಲೆ ಬ್ರಿಟನ್ ಹಿಡಿತದಲ್ಲಿ. ಮಾರಿಷಸ್‌ ಹಕ್ಕು ನ್ಯಾಯವಾದದ್ದೇ, ಅದರಲ್ಲಿ ನನಗೆ ಡೌಟ್ ಇಲ್ಲ. ಆದ್ರೆ 60 ವರ್ಷದ ಈ ಇಡೀ ಜಗಳದಲ್ಲಿ ಅಲ್ಲಿ ಹುಟ್ಟಿದವರಿಗೆ ಟೇಬಲ್ ಮುಂದೆ ಒಂದು ಕುರ್ಚಿ ಸಿಕ್ಕಿಲ್ಲ. ನಿಮ್ಮ ಅಭಿಪ್ರಾಯ ಹೇಳಿ.

ನೇರಮಾತು:
ಬರೆದಿದ್ದು ಚೆನ್ನಾಗಿದೆ, ಆದ್ರೆ ಮಾರಿಷಸ್ ಹಕ್ಕು ನ್ಯಾಯ ಅಂತ ಹೆಂಗೆ ಹೇಳ್ತೀರ? ಮ್ಯಾಪ್ ತೆಗೆದು ನೋಡಿ, ಮಾರಿಷಸ್‌ನಿಂದ ಚಾಗೋಸ್‌ಗೆ 2,000 ಕಿ.ಮೀ.ಗಿಂತ ಜಾಸ್ತಿ. ಮಾಲ್ಡೀವ್ಸ್ ಅದಕ್ಕಿಂತ ಎಷ್ಟೋ ಹತ್ತಿರ. ಫ್ರೆಂಚರು, ಬ್ರಿಟಿಷರು ಆಡಳಿತಕ್ಕೆ ಸುಲಭ ಅಂತ ಎರಡನ್ನೂ ಒಂದೇ ಫೈಲಲ್ಲಿ ಇಟ್ಟಿದ್ರು, ಅಷ್ಟೇ ಸಂಬಂಧ. ಮೇಲಾಗಿ 1965ರಲ್ಲಿ ಮಾರಿಷಸ್ ನಾಯಕರೇ ಒಪ್ಪಿ 30 ಲಕ್ಷ ಪೌಂಡ್ ತಗೊಂಡಿದಾರೆ. ದುಡ್ಡು ತಗೊಂಡು ಆಮೇಲೆ ನಮ್ಮದು ಅನ್ನೋದು ಯಾವ ನ್ಯಾಯ?

ಕುಡ್ಲದ_ಕರಾವಳಿ:
ದೂರ ಅಂತ ಹೇಳ್ಬೇಡಿ ಮಾರಾಯ್ರೆ. ನಮ್ಮ ಮಂಗಳೂರಿನ ಕತೆಯೇ ಹೇಳ್ತೇನೆ ಕೇಳಿ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಉಂಟಲ್ಲ, ಅಮಿನದಿವಿ ಗುಂಪು ಅಂತ, ಅದು ಮೊದಲು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು. ಟಿಪ್ಪು ಕೈಯಲ್ಲಿ ಇದ್ದದ್ದು 1799ರ ನಂತರ ಕಂಪನಿಗೆ ಹೋಯ್ತು, ಕಲೆಕ್ಟರು ಇಲ್ಲಿ ಮಂಗಳೂರಲ್ಲಿ. ಉಳಿದ ದ್ವೀಪಗಳು ಮಲಬಾರಿಗೆ. 1956 ನವೆಂಬರ್ 1ಕ್ಕೆ ಎಲ್ಲ ಸೇರಿಸಿ ಕೇಂದ್ರಾಡಳಿತ ಮಾಡಿದ್ರು.

ಈಗ ಯೋಚನೆ ಮಾಡಿ, 1947ಕ್ಕೆ ಒಂದೆರಡು ವರ್ಷ ಮೊದಲು ಲಂಡನ್ನಿನವರು, ಈ ದ್ವೀಪಗಳು ಮಂಗಳೂರಿಂದ ದೂರ ಉಂಟು, ಬರೀ ಆಡಳಿತದ ಅನುಕೂಲಕ್ಕೆ ಸೇರಿಸಿದ್ದು, ಅಲ್ಲಿ ವಿಮಾನ ಇಳಿಸ್ಲಿಕ್ಕೆ ನಮಗೆ ಬೇಕು ಅಂತ ಪ್ರತ್ಯೇಕ ಮಾಡಿ ಇಟ್ಕೊಂಡಿದ್ರೆ ನಾವು ಸುಮ್ಮನೆ ಕೂರ್ತಿದ್ವಾ? ಮಾರಿಷಸ್‌ಗೆ ಆದದ್ದು ಅದೇ. ಸೇಶೆಲ್ಸ್‌ಗೂ ಆಯ್ತು, 1965ರಲ್ಲೇ ಅವರ ಅಲ್ಡಾಬ್ರಾ, ಫಾರ್ಕ್ವಾರ್, ಡೆರೋಶ್ ಮೂರನ್ನೂ ಕಿತ್ತಿದ್ರು. ಆದರೆ 1976ರಲ್ಲಿ ಸೇಶೆಲ್ಸ್ ಸ್ವತಂತ್ರ ಆಗುವಾಗ ಆ ಮೂರನ್ನು ವಾಪಸ್ ಕೊಟ್ರು. ಅಲ್ಲಿಗೆ ವಾಪಸ್ ಕೊಡ್ಲಿಕ್ಕೆ ಆಗ್ತದೆ, ಇಲ್ಲಿಗೆ ಆಗುದಿಲ್ಲ ಯಾಕೆ? ಡಿಯೆಗೋ ಗಾರ್ಸಿಯಾದಲ್ಲಿ ರನ್‌ವೇ ಆಗಿತ್ತು, ಅದಕ್ಕೆ.

ಲಾ_ಓದ್ತಿರೋನು:
@ನೇರಮಾತು ಒಪ್ಪಿದ್ರು ಅಂದ್ರಲ್ಲ, ಆ ಒಪ್ಪಿಗೆ ಹೆಂಗೆ ಬಂತು ಅನ್ನೋದೇ ಹೇಗ್‌ನ ಅಂತರರಾಷ್ಟ್ರೀಯ ಕೋರ್ಟಿಗೆ ಹೋದ ಕೇಸಿನ ಜೀವ. 1965 ಸೆಪ್ಟೆಂಬರ್, ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್. ಮಾರಿಷಸ್‌ನಿಂದ ಶಿವಸಾಗರ್ ರಾಮ್‌ಗೂಲಾಮ್ ನಿಯೋಗ ಸ್ವಾತಂತ್ರ್ಯದ ಮಾತುಕತೆಗೆ ಬಂದಿದೆ. ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರನ್ನ ಬೇರೆಯಾಗಿ ಭೇಟಿ ಮಾಡ್ತಾರೆ. ಆ ಭೇಟಿಗೆ ಮುಂಚೆ ವಿಲ್ಸನ್ ಕಾರ್ಯದರ್ಶಿ ಬರೆದುಕೊಟ್ಟ ಟಿಪ್ಪಣಿ ಈಗ ಎಲ್ಲರಿಗೂ ಗೊತ್ತು. ಅವರಿಗೆ ಆಸೆ ತೋರಿಸ್ತಾ ಹೆದರಿಸೋದೇ ಉದ್ದೇಶ ಅಂತ ಅದರಲ್ಲಿದೆ, ಸ್ವಾತಂತ್ರ್ಯ ಸಿಗಬಹುದು ಅನ್ನೋ ಆಸೆ, ಚಾಗೋಸ್ ವಿಷಯದಲ್ಲಿ ಹೇಳಿದಂಗೆ ಕೇಳ್ದೇ ಇದ್ರೆ ಸಿಗದೇ ಹೋಗಬಹುದು ಅನ್ನೋ ಭಯ. ಇದನ್ನ ಸ್ವಇಚ್ಛೆಯ ಒಪ್ಪಿಗೆ ಅಂತ ಯಾವ ಕೋರ್ಟ್ ಹೇಳುತ್ತೆ ಹೇಳಿ? ಮೈನರ್ ಹುಡುಗನ ಆಸ್ತಿ ನೋಡ್ಕೊಳ್ಳೋ ಗಾರ್ಡಿಯನ್ನು, ಹುಡುಗ ವಯಸ್ಸಿಗೆ ಬರೋಕೆ ಸ್ವಲ್ಪ ಮುಂಚೆ ಒಂದು ಹೊಲ ತನ್ನ ಹೆಸರಿಗೆ ಬರೆಸ್ಕೊಂಡಂಗೆ ಆಯ್ತು ಇದು.

ಕಾನೂನಿನ ಪಾಯಿಂಟ್ ಸಿಂಪಲ್. 1960ರ ವಿಶ್ವಸಂಸ್ಥೆ ನಿರ್ಣಯ 1514ರ ಪ್ರಕಾರ ವಸಾಹತನ್ನ ಸ್ವತಂತ್ರ ಮಾಡೋವಾಗ ತುಂಡು ಮಾಡೋ ಹಾಗಿಲ್ಲ. 1965 ಡಿಸೆಂಬರ್ 16ಕ್ಕೆ, ಅಂದ್ರೆ ಚಾಗೋಸ್ ಕಿತ್ತ ಒಂದೂವರೆ ತಿಂಗಳೊಳಗೇ, ಸಾಮಾನ್ಯ ಸಭೆ 2066ನೇ ನಿರ್ಣಯ ಮಾಡಿ ಮಾರಿಷಸ್‌ನ ನೆಲ ಒಡೀಬೇಡಿ ಅಂತ ಬ್ರಿಟನ್‌ಗೆ ನೇರವಾಗಿ ಹೇಳಿತ್ತು. ಸೋ 30 ಲಕ್ಷ ಪೌಂಡ್ ವಾದ ಇವತ್ತು ಯಾರೂ ಸೀರಿಯಸ್ಸಾಗಿ ತಗೊಳಲ್ಲ. ಬೇಕಾದ್ರೆ ಇನ್ನೊಂದು ಲೆಕ್ಕ ನೋಡಿ, ಅಮೆರಿಕ ಬ್ರಿಟನ್‌ಗೆ ಈ ದ್ವೀಪಗಳಿಗೆ ಬದಲಾಗಿ ಪೊಲಾರಿಸ್ ಕ್ಷಿಪಣಿ ಖರೀದಿ ಬಾಬ್ತಲ್ಲಿ ಬಿಟ್ಟುಕೊಟ್ಟಿದ್ದು 1 ಕೋಟಿ 40 ಲಕ್ಷ ಡಾಲರ್, ಅದನ್ನ ಅಮೆರಿಕದ ಕಾಂಗ್ರೆಸ್‌ಗೂ ಹೇಳ್ದೆ ಮುಚ್ಚಿಟ್ಟಿದ್ರು.

ಬೆಳಗಾವಿ_ಮಂದಿ:
ಎಲ್ಲಾರೂ ರಾಜಕಾರಣ ಮಾತಾಡಾಕತ್ತೀರಿ, ನಾ ಭೂಗೋಳದ್ದು ಒಂದ್ ಹೇಳ್ತೀನ್ರಿ. ನಮ್ಮ ಬೆಳಗಾವಿ, ವಿಜಯಪುರ, ಬೀದರ ಕಡೆ ಕರಿಮಣ್ಣಿನ ಕೆಳಗ ಕರಿಕಲ್ಲು ಐತಲ್ರಿ, ದಖ್ಖನ್ ಟ್ರ್ಯಾಪ್ ಅಂತಾರ, ಸುಮಾರು 6.6 ಕೋಟಿ ವರ್ಷದ ಹಿಂದ ಲಾವಾ ಹರದು ಆಗಿದ್ದು. ಆ ಲಾವಾ ಉಕ್ಕಿಸಿದ ಬಿಸಿಜಾಗ ಈಗ ರಿಯೂನಿಯನ್ ದ್ವೀಪದ ಕೆಳಗ ಐತಿ. ಭಾರತದ ನೆಲ ಉತ್ತರಕ್ಕ ಸರೀತಾ ಬಂದಂಗ ಹಿಂದ ಸಾಲಾಗಿ ಗುರುತು ಉಳೀತು, ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್. ಮೂರೂ ಒಂದೇ ಸಾಲಿನ ಮ್ಯಾಲ ಬೆಳೆದ ಹವಳದ ದ್ವೀಪ. ಅದಕ್ಕ ನಾ ಈ ಸುದ್ದಿ ಬಿಡದ ಓದ್ತೀನಿ.

ನನ್ನ ಪ್ರಶ್ನೆ ಬ್ಯಾರೆ ಐತಿ. ಬೇಸ್ ಅಮೆರಿಕದ್ದು, ಬಾಡಿಗಿ ಬ್ರಿಟನ್ ಯಾಕ ಕೊಡಬೇಕ್ರಿ? ಎಷ್ಟು ಕೊಡ್ತಾರ?

ಕಡಲಹಾದಿ:
@ಬೆಳಗಾವಿ_ಮಂದಿ ಈ ಕರಿಕಲ್ಲಿನ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್ ಸರ್, ಎಷ್ಟು ಜನಕ್ಕೆ ಗೊತ್ತಿರುತ್ತೆ ಇದು. ದುಡ್ಡಿನ ವಿಷಯಕ್ಕೆ ಬಂದ್ರೆ, ವರ್ಷಕ್ಕೆ ಸರಾಸರಿ 10 ಕೋಟಿ 10 ಲಕ್ಷ ಪೌಂಡ್ ಅಂತ ಬ್ರಿಟನ್ ಸರ್ಕಾರದ ಲೆಕ್ಕ. ಮೊದಲ ಮೂರು ವರ್ಷ 16.5 ಕೋಟಿ, ಆಮೇಲೆ ಹತ್ತು ವರ್ಷ 12 ಕೋಟಿ, ಆಮೇಲೆ ಬೆಲೆಏರಿಕೆ ನೋಡ್ಕೊಂಡು. ಜೊತೆಗೆ ಮಾರಿಷಸ್ ಅಭಿವೃದ್ಧಿಗೆ ಅಂತ 25 ವರ್ಷ ವರ್ಷಕ್ಕೆ 4.5 ಕೋಟಿ. ಚಾಗೋಸ್ ಜನಕ್ಕೆ ಟ್ರಸ್ಟ್ ಫಂಡ್ 4 ಕೋಟಿ, ಅದೂ ಒಂದೇ ಸಲ. ಬೇಸಿನ ಒಂದು ವರ್ಷದ ದುಡ್ಡಿನ ಅರ್ಧ ಕೂಡ ಇಲ್ಲ. ಬ್ರಿಟನ್ ಯಾಕೆ ಕೊಡುತ್ತೆ ಅಂದ್ರೆ, ಬೇಸ್ ನಡೆಸೋ ಖರ್ಚು ಅಮೆರಿಕದ್ದು, ಜಾಗ ಒದಗಿಸೋದು ನಮ್ಮ ಜವಾಬ್ದಾರಿ ಅಂತ ಅವರ ವಾದ, ಮೊದಲಿಂದ ಇರೋ ಏರ್ಪಾಡು ಅದೇ.

ನೇರಮಾತು:
ಸರಿ, ವಿಲ್ಸನ್ ಮಾಡಿದ್ದು ಸರಿ ಇಲ್ಲ, ಅದು ಗೊತ್ತಿರೋದೇ. ನಾನು ಕೇಳ್ತಿರೋದು ಬೇರೆ. ಬ್ರಿಟನ್ ಚಾಗೋಸ್ ಬಿಡಬೇಕು ಅಂತ ಸಲಹಾ ಅಭಿಪ್ರಾಯ ಅಷ್ಟೇ ತಾನೇ ಹೇಗ್‌ನ ಕೋರ್ಟ್ ಕೊಟ್ಟಿದ್ದು? ಬೈಂಡಿಂಗ್ ಅಲ್ಲದ ಒಂದು ಕಾಗದ ನೋಡಿ ಒಂದು ದೇಶ ತನ್ನ ನೆಲ ಬಿಟ್ಟುಕೊಡುತ್ತಾ? ನಾಳೆ ಇದೇ ದಾರಿ ಹಿಡಿದು ಯಾರ್ ಬೇಕಾದ್ರೂ ಯಾವ ಗಡಿ ಜಗಳ ಬೇಕಾದ್ರೂ ಸಾಮಾನ್ಯ ಸಭೆಗೆ ತಂದು ಓಟ್ ಹಾಕಿಸಿ ಕೋರ್ಟಿಗೆ ಕಳಿಸಬಹುದು. ಭಾರತಕ್ಕೂ ಅದು ಒಳ್ಳೇದಲ್ಲ ಅನ್ಸುತ್ತೆ ನನಗೆ. ಎರಡು ದೇಶದ ಜಗಳ ಎರಡು ದೇಶ ಕೂತು ಮಾತಾಡ್ಬೇಕು ಅನ್ನೋದು ನಮ್ಮದೇ ಲೈನ್ ಅಲ್ವಾ?

ಲಾ_ಓದ್ತಿರೋನು:
ಇದು ಒಳ್ಳೆ ಪ್ರಶ್ನೆ, ಬ್ರಿಟನ್ ಹೇಗ್‌ನಲ್ಲಿ ಮಾಡಿದ್ದೂ ಇದೇ ವಾದ. ಇದು ಎರಡು ದೇಶದ ಸಾರ್ವಭೌಮತ್ವದ ಜಗಳ, ನಮ್ಮ ಒಪ್ಪಿಗೆ ಇಲ್ದೆ ಕೋರ್ಟ್ ಹಿಂಬಾಗಿಲಿಂದ ಇದನ್ನ ತೀರ್ಮಾನ ಮಾಡಬಾರದು ಅಂತ. ಕೋರ್ಟ್ ಹೇಳಿದ್ದು, ಇದು ವಸಾಹತು ವಿಮೋಚನೆ ಮುಗಿದಿದೆಯಾ ಇಲ್ವಾ ಅನ್ನೋ ಪ್ರಶ್ನೆ, ಅದು ವಿಶ್ವಸಂಸ್ಥೆಯ ಕೆಲಸವೇ, ಹಾಗಾಗಿ ಉತ್ತರ ಕೊಡ್ತೀವಿ ಅಂತ. ಭಾರತ ಈ ಕೇಸಲ್ಲಿ ಮಾರಿಷಸ್ ಪರ ನಿಂತಿದ್ದು ಇದೇ ಕಾರಣಕ್ಕೆ, ಎಲ್ಲಾ ಗಡಿ ಜಗಳಕ್ಕೂ ಇದು ಅನ್ವಯ ಆಗಲ್ಲ.

ನಡೆದಿದ್ದು ಹಿಂಗೆ. 2017 ಜೂನ್ 22ಕ್ಕೆ ಸಾಮಾನ್ಯ ಸಭೆ ಕೋರ್ಟಿನ ಅಭಿಪ್ರಾಯ ಕೇಳ್ತು, 94 ಪರ, 15 ವಿರೋಧ, 65 ದೇಶ ತಟಸ್ಥ. ಬ್ರಿಟನ್ನು ಆಗಷ್ಟೇ ಬ್ರೆಕ್ಸಿಟ್ ಓಟ್ ಮಾಡಿತ್ತು, ಯುರೋಪಿನ ಎಷ್ಟೋ ದೇಶಗಳು ಅದರ ಜೊತೆ ನಿಲ್ಲದೆ ತಟಸ್ಥ ಉಳಿದ್ವು. 2019 ಫೆಬ್ರವರಿ 25ಕ್ಕೆ ಕೋರ್ಟ್ 13-1ರಲ್ಲಿ ಹೇಳ್ತು, ಮಾರಿಷಸ್‌ನ ವಿಮೋಚನೆ ಕಾನೂನುಬದ್ಧವಾಗಿ ಮುಗಿದಿಲ್ಲ, ಬ್ರಿಟನ್ ಆದಷ್ಟು ಬೇಗ ಚಾಗೋಸ್ ಆಡಳಿತ ಬಿಡಬೇಕು ಅಂತ. ವಿರೋಧ ಓಟ್ ಹಾಕಿದ್ದು ಅಮೆರಿಕದ ನ್ಯಾಯಾಧೀಶೆ ಒಬ್ಬರೇ, ನಮ್ಮ ದಲ್ವೀರ್ ಭಂಡಾರಿ ಬಹುಮತದ ಕಡೆ ಇದ್ರು. ಅದೇ ವರ್ಷ ಮೇ 22ಕ್ಕೆ ಸಾಮಾನ್ಯ ಸಭೆ 116-6ರಲ್ಲಿ ಆರು ತಿಂಗಳ ಗಡುವು ಕೊಡ್ತು. ಬ್ರಿಟನ್ ಕ್ಯಾರೇ ಅನ್ನಲಿಲ್ಲ.

ಬೈಂಡಿಂಗ್ ಅಲ್ಲ ಅನ್ನೋದು ಕಾಗದದ ಮೇಲೆ ನಿಜ. ಆದ್ರೆ ಮುಂದೆ ಏನಾಯ್ತು ನೋಡಿ. ಮಾರಿಷಸ್ ಮಾಲ್ಡೀವ್ಸ್ ನಡುವಿನ ಕಡಲ ಗಡಿ ಕೇಸು ಹ್ಯಾಂಬರ್ಗ್‌ನ ಸಮುದ್ರ ಕಾನೂನು ನ್ಯಾಯಮಂಡಳಿಗೆ ಹೋಯ್ತು. ಸಾರ್ವಭೌಮತ್ವ ಇನ್ನೂ ತೀರ್ಮಾನ ಆಗಿಲ್ಲ, ಬ್ರಿಟನ್ ಇಲ್ದೆ ಗಡಿ ಎಳೆಯೋದು ಹೆಂಗೆ ಅಂತ ಮಾಲ್ಡೀವ್ಸ್ ಕೇಳ್ತು. 2021 ಜನವರಿ 28ಕ್ಕೆ ವಿಶೇಷ ಪೀಠ ಆ ಆಕ್ಷೇಪ ತಳ್ಳಿಹಾಕ್ತು, ಹೇಗ್ ಕೋರ್ಟಿನ ಅಭಿಪ್ರಾಯಕ್ಕೆ ಕಾನೂನಿನ ಪರಿಣಾಮ ಇದೆ, ಬ್ರಿಟನ್‌ದು ಈಗ ಬರೀ ಬಾಯಿಮಾತಿನ ಹಕ್ಕುವಾದ ಅಂತ. 2023ರಲ್ಲಿ ಗಡಿಯನ್ನೂ ಎಳೀತು. 2021ರಲ್ಲೇ ವಿಶ್ವ ಅಂಚೆ ಒಕ್ಕೂಟ ಆ ಪ್ರದೇಶದ ಬ್ರಿಟಿಷ್ ಸ್ಟಾಂಪ್ ಮಾನ್ಯ ಮಾಡಲ್ಲ ಅಂತು. ಒಂದೊಂದೇ ಬಾಗಿಲು ಮುಚ್ಕೊಂಡು ಬಂತು, 2022 ನವೆಂಬರ್‌ನಲ್ಲಿ ಬ್ರಿಟನ್ನೇ ಮಾತುಕತೆಗೆ ಕೂತಿದ್ದು ಅದಕ್ಕೆ. 2019ರಲ್ಲಿ ವಿರೋಧ ಓಟ್ ಹಾಕಿದ್ದ ಮಾಲ್ಡೀವ್ಸ್ 2022ರಲ್ಲಿ ನಿಲುವು ಬದಲಿಸಿ ಮಾರಿಷಸ್ ಹಕ್ಕನ್ನ ಒಪ್ಕೊಳ್ತು.

ಗ್ಯಾಟ್ವಿಕ್_ಕನ್ನಡತಿ:
ನಾನು ಇರೋದು ಇಂಗ್ಲೆಂಡಿನ ಕ್ರಾಲಿ ಹತ್ರ. ಗ್ಯಾಟ್ವಿಕ್ ಏರ್‌ಪೋರ್ಟ್ ಪಕ್ಕದ ಊರು, ಬ್ರಿಟನ್ನಿನಲ್ಲಿ ಚಾಗೋಸ್ ಜನ ಅತಿ ಹೆಚ್ಚು ಇರೋದು ಇಲ್ಲೇ. 2002ರ ಕಾನೂನಿನಿಂದ ಅವರಿಗೆ ಬ್ರಿಟಿಷ್ ಪೌರತ್ವ ಸಿಕ್ಕ ಮೇಲೆ ಬಂದವರು, ತುಂಬಾ ಜನ ಏರ್‌ಪೋರ್ಟಲ್ಲೇ ಕೆಲಸಕ್ಕೆ ಸೇರಿದ್ರು. ನನ್ನ ಜೊತೆ ಕೆಲಸ ಮಾಡೋರಲ್ಲೂ ಇದ್ದಾರೆ, ಅವರ ಹತ್ರ ಮಾತಾಡಿದೀನಿ ಅದಕ್ಕೇ ಬರೀತಿದೀನಿ.

ನೀವೆಲ್ಲಾ ಕಾನೂನು ಚೆನ್ನಾಗಿ ಹೇಳ್ತಿದೀರ, ಆದ್ರೆ ಇಲ್ಲಿನ ಎಷ್ಟೋ ಜನಕ್ಕೆ ಮಾರಿಷಸ್ ಅಂದ್ರೆ ಇಷ್ಟ ಇಲ್ಲ. ಪೋರ್ಟ್ ಲೂಯಿಸ್‌ನ ಸ್ಲಮ್ಮಲ್ಲಿ ಬೆಳೆದವರು ಅವರ ಅಪ್ಪ ಅಮ್ಮ, ತೆಂಗಿನ ತೋಟದ ಕೆಲಸ ಬಿಟ್ಟು ಬೇರೆ ಏನೂ ಗೊತ್ತಿಲ್ಲ, ದುಡ್ಡು ಇಟ್ಕೊಂಡು ಬದುಕಿ ಅಭ್ಯಾಸ ಇಲ್ಲ, ಊರವರು ಹೀಯಾಳಿಸೋರು. 1972ರಲ್ಲಿ ಬ್ರಿಟನ್ ಪುನರ್ವಸತಿಗೆ ಅಂತ ಮಾರಿಷಸ್ ಸರ್ಕಾರಕ್ಕೆ ಆರೂವರೆ ಲಕ್ಷ ಪೌಂಡ್ ಕೊಡ್ತು, ಆ ದುಡ್ಡು ಜನರ ಕೈಗೆ ಬರೋ ಹೊತ್ತಿಗೆ ಐದಾರು ವರ್ಷ ಕಳೆದಿತ್ತು, ಅಷ್ಟರಲ್ಲಿ ಬೆಲೆ ಏರಿ ಅದರಲ್ಲಿ ಸಾಲ ತೀರಿಸಕ್ಕೂ ಆಗ್ಲಿಲ್ಲ. ಆ ನೋವು ಇನ್ನೂ ಇದೆ. 2025 ಮೇ 22ರ ಬೆಳಗಿನ ಜಾವ ಒಪ್ಪಂದಕ್ಕೆ ಸಹಿ ಬೀಳೋ ದಿನವೇ ಲಂಡನ್ ಹೈಕೋರ್ಟು ತಾತ್ಕಾಲಿಕ ತಡೆ ಕೊಡ್ತು ಗೊತ್ತಾ? ಕೇಸ್ ಹಾಕಿದ್ದು ಡಿಯೆಗೋ ಗಾರ್ಸಿಯಾದಲ್ಲೇ ಹುಟ್ಟಿದ ಇಬ್ಬರು ಹೆಂಗಸರು. ಕೆಲವು ಗಂಟೆಯಲ್ಲಿ ತಡೆ ತೆಗೆದ್ರು, ಅದೇ ಮಧ್ಯಾಹ್ನ ಸಹಿ ಆಯ್ತು.

ಆ ಕಡೆ ಮಾರಿಷಸ್‌ನಲ್ಲಿರೋ ಚಾಗೋಸ್ ನಿರಾಶ್ರಿತರ ಗುಂಪಿನ ಒಲಿವಿಯೆ ಬಾಂಕೂ ಒಪ್ಪಂದದ ಪರ ಇದ್ದಾರೆ. ಅವರು ಚಾಗೋಸ್‌ನದ್ದೇ ಇನ್ನೊಂದು ದ್ವೀಪ ಪೆರೋಸ್ ಬಾನ್ಯೋಸ್‌ನಲ್ಲಿ ಹುಟ್ಟಿದವರು, ನಾಲ್ಕು ವರ್ಷದ ಮಗುವಾಗಿದ್ದಾಗ ಸೋದರಿಯ ಕಾಲಿಗೆ ಗಾಡಿ ಹರಿದು ಚಿಕಿತ್ಸೆಗೆ ಅಂತ 1968ರಲ್ಲಿ ಮನೆಯವರೆಲ್ಲಾ ಮಾರಿಷಸ್‌ಗೆ ಬಂದ್ರು, ಆ ಹುಡುಗಿ ತೀರ್ಕೊಂಡ್ಲು, ವಾಪಸ್ ಹೋಗ್ತೀವಿ ಅಂದಾಗ ನಿಮ್ಮ ದ್ವೀಪ ಮಾರಿ ಆಗಿದೆ ಅಂದ್ರು. ಒಂದೇ ಜನ, ಎರಡು ದಾರಿ. ಯಾರು ಸರಿ ಅಂತ ತೀರ್ಪು ಕೊಡಕ್ಕೆ ನನಗೆ ಮನಸ್ಸು ಬರಲ್ಲ, ಕೇಳಿ ನಿರ್ಧಾರ ಮಾಡಿದ್ರೆ ಇಷ್ಟು ಒಡಕು ಬರ್ತಿರಲಿಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳ್ತೀನಿ.

ಕಡಲಹಾದಿ:
@ಗ್ಯಾಟ್ವಿಕ್_ಕನ್ನಡತಿ ಅಕ್ಕ ನೀವು ಬರೆದಿದ್ದು ಈ ಥ್ರೆಡ್ಡಿಗೆ ಬೇಕಾಗಿತ್ತು. ಬಾಂಕೂ ಅವರ ಕೋರ್ಟ್ ಹೋರಾಟ ಇನ್ನೂ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಬ್ರಿಟನ್ ಈ ಜನರ ಜೊತೆ ನಡ್ಕೊಂಡಿದ್ದು ಅಲ್ಲಿ ಕಾಣುತ್ತೆ. 2000ದ ನವೆಂಬರ್ 3ಕ್ಕೆ ಲಂಡನ್ ಹೈಕೋರ್ಟಲ್ಲಿ ಗೆದ್ರು, ಜನ ಅಲ್ಲಿ ಇರೋ ಹಾಗಿಲ್ಲ ಅಂದಿದ್ದ 1971ರ ವಲಸೆ ಆದೇಶ ಕಾನೂನುಬಾಹಿರ ಅಂತ ತೀರ್ಪು. ಆಗಿನ ವಿದೇಶಾಂಗ ಮಂತ್ರಿ ರಾಬಿನ್ ಕುಕ್ ಅಪೀಲ್ ಹೋಗಲ್ಲ ಅಂದ್ರು. ಡಿಯೆಗೋ ಗಾರ್ಸಿಯಾ ಬಿಟ್ಟು ಹೊರಗಿನ ದ್ವೀಪಗಳಿಗೆ ವಾಪಸ್ ಹೋಗೋ ಹಕ್ಕು ಕೈಗೆ ಬಂತು ಅಂತ ಜನ ಕುಣಿದ್ರು. 2004ರಲ್ಲಿ ರಾಣಿಯ ಹೆಸರಲ್ಲಿ ಆರ್ಡರ್ ಇನ್ ಕೌನ್ಸಿಲ್ ಹೊರಡಿಸಿ, ಪಾರ್ಲಿಮೆಂಟಲ್ಲಿ ಒಂದು ಚರ್ಚೆ ಇಲ್ದೆ, ಆ ಹಕ್ಕನ್ನ ಅಳಿಸಿ ಹಾಕಿದ್ರು. ಮತ್ತೆ ಕೋರ್ಟು, ಹೈಕೋರ್ಟಲ್ಲಿ ಗೆದ್ರು, ಮೇಲ್ಮನವಿ ಕೋರ್ಟಲ್ಲಿ ಗೆದ್ರು, 2008 ಅಕ್ಟೋಬರ್‌ನಲ್ಲಿ ಆಗಿನ ಕೊನೇ ಕೋರ್ಟಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ 3-2ರಲ್ಲಿ ಸೋತ್ರು. ಒಬ್ಬ ನ್ಯಾಯಮೂರ್ತಿ ಆ ಕಡೆ ಇದ್ದಿದ್ರೆ ಇವತ್ತು ಪೆರೋಸ್ ಬಾನ್ಯೋಸ್‌ನಲ್ಲಿ ಮನೆ ಇರ್ತಿತ್ತೇನೋ.

ಇದಾದ ಎರಡು ವರ್ಷಕ್ಕೆ, 2010 ಏಪ್ರಿಲ್ 1ಕ್ಕೆ, ಇಡೀ ಚಾಗೋಸ್ ಸುತ್ತ ಮೀನು ಹಿಡಿಯೋ ಹಾಗಿಲ್ಲ ಅಂತ ಸಮುದ್ರ ರಕ್ಷಿತ ಪ್ರದೇಶ ಘೋಷಣೆ. ಪರಿಸರದ ಹೆಸರು. ಹವಳ ಉಳೀಬೇಕು, ನನಗೂ ಬೇಕು. ಆದ್ರೆ ಅದೇ ವರ್ಷ ವಿಕಿಲೀಕ್ಸಲ್ಲಿ ಅಮೆರಿಕದ ರಾಯಭಾರ ಕಚೇರಿಯ ಕೇಬಲ್ ಹೊರಗೆ ಬಂತು, ರಕ್ಷಿತ ಪ್ರದೇಶ ಮಾಡಿದ್ರೆ ಹಳೇ ನಿವಾಸಿಗಳು ವಾಪಸ್ ಬರೋದು ಕಷ್ಟ ಆಗುತ್ತೆ ಅಂತ ಬ್ರಿಟಿಷ್ ಅಧಿಕಾರಿ ಹೇಳಿದ್ದಾಗಿ ಅದರಲ್ಲಿತ್ತು. 2015 ಮಾರ್ಚ್ 18ಕ್ಕೆ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಆ ಘೋಷಣೆ ಸಮುದ್ರ ಕಾನೂನಿಗೆ ವಿರುದ್ಧ ಅಂತು, 1965ರಲ್ಲಿ ಮಾರಿಷಸ್‌ಗೆ ಕೊಟ್ಟ ಮೀನುಗಾರಿಕೆಯ ಮಾತು, ರಕ್ಷಣೆಗೆ ಬೇಡವಾದಾಗ ದ್ವೀಪ ವಾಪಸ್ ಕೊಡ್ತೀವಿ ಅನ್ನೋ ಮಾತು ಎರಡೂ ಬ್ರಿಟನ್‌ನ ಕಟ್ಟಿಹಾಕುತ್ತೆ ಅಂತ. 2016ರಲ್ಲಿ ಬ್ರಿಟನ್ ಎರಡು ಕೆಲಸ ಮಾಡ್ತು, ಅಮೆರಿಕದ ಅವಧಿ 2036ರ ತನಕ ಮುಂದುವರೀತು, ಜನರ ಪುನರ್ವಸತಿ ಆಗಲ್ಲ ಅಂತ ಅದೇ ನವೆಂಬರ್‌ನಲ್ಲಿ ಹೇಳ್ತು.

ಹೇಗ್ ಕೇಸಲ್ಲಿ ನನ್ನ ಮನಸ್ಸಲ್ಲಿ ಉಳಿದಿರೋದು ಚಾಗೋಸ್‌ನಿಂದ ಹೊರಹಾಕಿದ ಲಿಸ್ಬಿ ಎಲಿಸೆ ಅನ್ನೋ ಹೆಂಗಸು. 2018ರಲ್ಲಿ ಹೇಗ್ ಕೋರ್ಟಲ್ಲಿ ಅವರ ವಿಡಿಯೋ ಹೇಳಿಕೆ ಹಾಕಿದ್ರು, ಓದು ಬರಹ ಬರಲ್ಲ, ಕ್ರಿಯೋಲ್‌ನಲ್ಲಿ ಮಾತಾಡಿದಾರೆ. ಹೊರಹಾಕಿದಾಗ ಬಸುರಿ, ಮಗು ಉಳೀಲಿಲ್ಲ. ಆ ಹಡಗಲ್ಲಿ ನಾವು ಪ್ರಾಣಿಗಳ ಥರ, ಗುಲಾಮರ ಥರ ಇದ್ವಿ, ಜನ ದುಃಖಕ್ಕೆ ಸಾಯ್ತಿದ್ರು ಅಂತ ಹೇಳಿದಾರೆ. ಹೇಗ್‌ನಲ್ಲಿ ಎಲ್ಲಾ ದೇಶದ ವಕೀಲರು ಕೂತಿದ್ದ ಆ ಹಾಲಲ್ಲಿ ಇದು ಕೇಳಿಸ್ತಲ್ಲ, ಅಷ್ಟಾದ್ರೂ ಆಯ್ತು.

ಮಂಡ್ಯದ್_ಹೈದ:
ಓದಿ ಹೊಟ್ಟೆ ಉರೀತು ಕಣಣ್ಣ. ಅಲ್ಲ, ಈಗ ಆ ಡಿಯೆಗೋ ಗಾರ್ಸಿಯಾದಲ್ಲಿ ಅಡಿಗೆ, ಕ್ಲೀನಿಂಗು, ಕಟ್ಟಡದ ಕೆಲ್ಸ ಎಲ್ಲಾ ಯಾರು ಮಾಡ್ತಾರೆ? ಅಮೆರಿಕದೋರೇ ಮಾಡ್ಕತಾರಾ?

ಕಡಲಹಾದಿ:
@ಮಂಡ್ಯದ್_ಹೈದ ಇಲ್ಲ ಕಣಪ್ಪ, ಫಿಲಿಪೀನ್ಸ್‌ನಿಂದ ಕರ್ಕೊಂಡು ಬಂದ ಕಾಂಟ್ರಾಕ್ಟ್ ಕೆಲಸಗಾರರೇ ಜಾಸ್ತಿ. ಸಾವಿರಾರು ಮೈಲಿ ದೂರದೋರು ಬಂದು ಇರಬಹುದು, ಅಲ್ಲೇ ಹುಟ್ಟಿದೋರು ಇರಂಗಿಲ್ಲ. ಭದ್ರತೆ ಅನ್ನೋ ವಾದ ಕೇಳ್ದಾಗೆಲ್ಲಾ ನನಗೆ ಇದೇ ನೆನಪಾಗೋದು.

ಕಾವೇರಿ_ತಟ:
ಭಾರತದ ಪಾತ್ರ ಯಾರೂ ಹೇಳಿಲ್ಲ. 1971ರ ಯುದ್ಧದಲ್ಲಿ ಅಮೆರಿಕದ ಎಂಟರ್‌ಪ್ರೈಸ್ ಹಡಗು ಬಂಗಾಳ ಕೊಲ್ಲಿಗೆ ಬಂದಿತ್ತಲ್ಲ, ಅದೇ ವರ್ಷ ಡಿಯೆಗೋ ಗಾರ್ಸಿಯಾದಲ್ಲಿ ಬೇಸ್ ಕಟ್ಟೋ ಕೆಲಸ ಶುರುವಾಗಿತ್ತು. ಇಂದಿರಾ ಗಾಂಧಿ ಕಾಲದಲ್ಲಿ ನಾವು ಹಿಂದೂ ಮಹಾಸಾಗರ ಶಾಂತಿವಲಯ ಆಗ್ಬೇಕು ಅಂತ ಗಟ್ಟಿಯಾಗಿ ಹೇಳ್ತಿದ್ವಿ. ಈಗ ಕಾಲ ಬದಲಾಗಿದೆ, ಮಾರಿಷಸ್ ಹಕ್ಕಿಗೆ 2017ರಲ್ಲೂ 2019ರಲ್ಲೂ ಓಟ್ ಹಾಕಿದೀವಿ, 2025ರ ಒಪ್ಪಂದವನ್ನ ಸ್ವಾಗತಿಸಿದೀವಿ, ಬೇಸ್ ಹೋಗ್ಲಿ ಅಂತ ಈಗ ಯಾರೂ ದೆಹಲಿಯಲ್ಲಿ ಹೇಳ್ತಿಲ್ಲ. ಮಾರಿಷಸ್‌ನ ಅಗಲೇಗಾ ದ್ವೀಪದಲ್ಲಿ ನಾವೇ ಕಟ್ಟಿಕೊಟ್ಟ ಏರ್‌ಸ್ಟ್ರಿಪ್ಪು, ಜೆಟ್ಟಿ 2024 ಫೆಬ್ರವರಿ 29ಕ್ಕೆ ಉದ್ಘಾಟನೆ ಆಯ್ತು. ನನಗೆ ತಪ್ಪು ಅನ್ಸಲ್ಲ, ನಮ್ಮ ಕಡಲು ನಾವು ನೋಡ್ಕೋಬೇಕು. ಆದ್ರೆ ಅಗಲೇಗಾದಲ್ಲೂ ಜನ ಇದ್ದಾರೆ, ಕೆಲವರಿಗೆ ಚಾಗೋಸ್ ಕತೆ ನಮಗೂ ಆದ್ರೆ ಅನ್ನೋ ಭಯ ಇದೆ. ಆ ಭಯ ಹೋಗಿಸೋ ಜವಾಬ್ದಾರಿ ನಮ್ಮ ಮೇಲಿದೆ.

ಇನ್ನೊಂದು, ಶ್ರೀಲಂಕಾಗೆ ಹೋದ ಕಚ್ಚತೀವು ದ್ವೀಪದ ಥರಾನೇ ಅಲ್ವಾ ಇದು ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಜಗಳ ನಡೀತಿದೆ.

ಲಾ_ಓದ್ತಿರೋನು:
ಅದೇ ಥರ ಅಲ್ಲ. ಕಚ್ಚತೀವು 1974ರಲ್ಲಿ ಎರಡು ಸ್ವತಂತ್ರ ದೇಶಗಳು ಕೂತು ಮಾಡಿಕೊಂಡ ಗಡಿ ಒಪ್ಪಂದ, ಅಲ್ಲಿ ಊರು ಇರಲಿಲ್ಲ, ಇರೋದು ಅಂತೋಣಿ ಚರ್ಚು, ವರ್ಷಕ್ಕೊಂದು ಜಾತ್ರೆ. ಅಲ್ಲಿನ ತಕರಾರು ರಾಮೇಶ್ವರದ ಮೀನುಗಾರರ ಬದುಕಿನದ್ದು. ಚಾಗೋಸಲ್ಲಿ ಒಂದು ಕಡೆ ಯಜಮಾನ, ಇನ್ನೊಂದು ಕಡೆ ಇನ್ನೂ ಸ್ವತಂತ್ರವೇ ಆಗದ ವಸಾಹತು. ಎರಡನ್ನೂ ಒಂದೇ ತಕ್ಕಡೀಲಿ ಹಾಕಿದ್ರೆ ರಾಮೇಶ್ವರದವರಿಗೂ ಅನ್ಯಾಯ, ಚಾಗೋಸಿನವರಿಗೂ ಅನ್ಯಾಯ.

ನೇರಮಾತು:
ಒಂದು ಪ್ರಾಕ್ಟಿಕಲ್ ಪ್ರಶ್ನೆ. 50 ವರ್ಷ ಯಾರೂ ಇಲ್ಲದ ಹವಳದ ದ್ವೀಪ, ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ, ಆಸ್ಪತ್ರೆ ಇಲ್ಲ, ಶಾಲೆ ಇಲ್ಲ, ನೀರು ಏರ್ತಿದೆ. ಅಲ್ಲಿ ಹುಟ್ಟಿದವರು ಈಗ ಅಜ್ಜಿ ತಾತ. ಮೊಮ್ಮಕ್ಕಳು ಕ್ರಾಲಿಯಲ್ಲಿ ಓದ್ತಿದಾರೆ. ನಿಜವಾಗ್ಲೂ ಎಷ್ಟು ಜನ ಹೋಗ್ತಾರೆ? ಭಾವನೆ ಬೇರೆ, ಬದುಕೋದು ಬೇರೆ.

ಗ್ಯಾಟ್ವಿಕ್_ಕನ್ನಡತಿ:
ಎಲ್ಲರೂ ಹೋಗಲ್ಲ, ನಿಜ. ನನ್ನ ಸಹೋದ್ಯೋಗಿ ಒಬ್ಬರು ನನಗೆ ಹೇಳಿದ್ದು, ಹೋಗಿ ಇರ್ತೀನೋ ಇಲ್ವೋ ನಾನು ನಿರ್ಧಾರ ಮಾಡ್ಬೇಕು, ಲಂಡನ್ ಅಲ್ಲ, ಪೋರ್ಟ್ ಲೂಯಿಸ್ಸೂ ಅಲ್ಲ ಅಂತ. ಅವರ ಅಮ್ಮನಿಗೆ ಬೇಕಾಗಿದ್ದು ತಾಯಿತಂದೆಯ ಸಮಾಧಿ ಕ್ಲೀನ್ ಮಾಡಿ ಹೂ ಇಡೋದು. ಅದಕ್ಕೂ ಇಷ್ಟು ವರ್ಷ ಸರ್ಕಾರ ಕರ್ಕೊಂಡು ಹೋದಾಗ, ಅವರು ಹೇಳಿದಷ್ಟು ಹೊತ್ತು ಮಾತ್ರ. ಸಮುದ್ರ ಏರೋ ಮಾತು ಕೇಳ್ದಾಗ ನನಗೆ ಬೇಜಾರಾಗುತ್ತೆ, ಅದೇ ಏರೋ ಸಮುದ್ರದ ಮಧ್ಯೆ 99 ವರ್ಷಕ್ಕೆ ಬೇಸ್ ಇಡಕ್ಕೆ ಸಹಿ ಹಾಕಿದ್ದಾರಲ್ಲ.

ಬೆಳಗಾವಿ_ಮಂದಿ:
ಭಾಳ ಖರೇ ಮಾತ್ರಿ ಅಕ್ಕಾರ. ಒಂದ್ ಹೇಳ್ರಿ, ಒಪ್ಪಂದದಾಗ ವಾಪಸ್ ಹೋಗಾಕ ಏನರ ಬರದಾರೇನು?

ಕಡಲಹಾದಿ:
ಇದೆ ಸರ್, ಆದ್ರೆ ಗಟ್ಟಿಯಾಗಿಲ್ಲ. ಡಿಯೆಗೋ ಗಾರ್ಸಿಯಾ ಬಿಟ್ಟು ಬೇರೆ ದ್ವೀಪಗಳಲ್ಲಿ ಪುನರ್ವಸತಿ ಮಾಡಕ್ಕೆ ಮಾರಿಷಸ್ ಸ್ವತಂತ್ರ ಅಂತ ಇದೆ. ಮಾಡಲೇಬೇಕು ಅಂತ ಇಲ್ಲ. ಎಷ್ಟು ವರ್ಷದೊಳಗೆ ಅಂತ ಇಲ್ಲ. ಡಿಯೆಗೋ ಗಾರ್ಸಿಯಾದಲ್ಲಿ ಹುಟ್ಟಿದವರಿಗೆ ತಮ್ಮ ಊರಿಗೆ ಹೋಗಿ ಇರೋ ದಾರಿನೇ ಇಲ್ಲ, ಮೇಲೆ ಅಕ್ಕ ಹೇಳಿದ ಆ ಇಬ್ಬರು ಹೆಂಗಸರು ಕೋರ್ಟಿಗೆ ಹೋಗಿದ್ದು ಇದನ್ನ ನೋಡಿದ್ರೆ ಅರ್ಥ ಆಗುತ್ತೆ. ಮತ್ತೆ ಸಹಿ ಬಿದ್ದಿದ್ದಕ್ಕೆ ಎಲ್ಲಾ ಮುಗೀತು ಅಂತಲೂ ಅಲ್ಲ, ಬ್ರಿಟನ್ ಪಾರ್ಲಿಮೆಂಟಲ್ಲಿ ಕಾನೂನು ಆಗದೆ ಇದು ಜಾರಿಗೆ ಬರಲ್ಲ, 2025ರಲ್ಲಿ ಒಪ್ಪಿಗೆ ಸೂಚಿಸಿದ್ದ ಟ್ರಂಪ್ 2026 ಜನವರಿಯಲ್ಲಿ ಇದನ್ನ ದೊಡ್ಡ ಮೂರ್ಖತನ ಅಂತ ಬರೆದ್ರು. ಮತ್ತೆ ಚರ್ಚೆ ಪೂರ್ತಿ ಬೇಸಿನ ಸುತ್ತಾನೇ ತಿರುಗ್ತು.

ನನ್ನ ಕೇಳಿದ್ರೆ ಮಾರಿಷಸ್ ಸಾರ್ವಭೌಮತ್ವ ಪೂರ್ತಿ ಪಡೀಲಿ, ಅದು ಅದರ ಹಕ್ಕು. ಆದ್ರೆ ಹೇಗ್‌ನಲ್ಲಿ ಲಿಸ್ಬಿ ಎಲಿಸೆ ಹೇಳಿಕೆ ತೋರಿಸಿ ಗೆದ್ದ ದೇಶ ಅದು. ಪೆರೋಸ್ ಬಾನ್ಯೋಸ್, ಸಾಲೋಮನ್ ಥರದ ಹೊರಗಿನ ದ್ವೀಪಗಳಿಗೆ ಮೊದಲ ಗುಂಪು ಯಾವ ವರ್ಷ ಹೋಗುತ್ತೆ, ಹಡಗು ಎಷ್ಟು ದಿನಕ್ಕೊಂದು, ನೀರು, ದವಾಖಾನೆ ಯಾರ ಖರ್ಚು, ಆ 4 ಕೋಟಿ ಪೌಂಡ್ ಟ್ರಸ್ಟಲ್ಲಿ ಕ್ರಾಲಿಯವರಿಗೂ ಸೇಶೆಲ್ಸ್‌ನವರಿಗೂ ಎಷ್ಟು ಸೀಟು, ಇದನ್ನ ಪೋರ್ಟ್ ಲೂಯಿಸ್ ಬರೆದು ಪ್ರಕಟ ಮಾಡ್ಬೇಕು. ಭಾರತ ಅವರಿಗೆ ಹತ್ತಿರದ ದೇಶ, ಹಡಗು ಇದೆ, ದುಡ್ಡೂ ಕೊಡ್ತಿದೆ, ಕಣ್ಗಾವಲಿನ ಜೊತೆಗೆ ಈ ವಿಷಯನೂ ದೆಹಲಿ ಎತ್ತಬಹುದು. @ಗ್ಯಾಟ್ವಿಕ್_ಕನ್ನಡತಿ ಅಕ್ಕ, ಟ್ರಸ್ಟ್ ಬಗ್ಗೆ ಅಲ್ಲಿ ಏನಾದ್ರೂ ಸಭೆ ನಡೆದ್ರೆ ಜನ ಏನಂತಾರೆ ಅಂತ ಇಲ್ಲಿ ಹಾಕಿ, ಕನ್ನಡದಲ್ಲಿ ಅದನ್ನ ಬರೆಯೋರು ಬೇರೆ ಯಾರೂ ಇಲ್ಲ.

ಗ್ಯಾಟ್ವಿಕ್_ಕನ್ನಡತಿ:
ಖಂಡಿತ ಹಾಕ್ತೀನಿ. ಅವರನ್ನ ಕೇಳಿ, ಅವರು ಬರೀಬಹುದು ಅಂದಿದ್ದನ್ನ ಮಾತ್ರ ಬರೀತೀನಿ.